ಕಪಾಟಿನಲ್ಲಿ ಒಂದೇ ಮೋಡೆಮ್‌ಗೆ ಜಾಗ

ವಿರೂಪಾಕ್ಷ: ತೂಕ ನೋಡಲೇ, ತೂಕ! ಕೈಯಾಗ ಹಿಡಿದು ನೋಡು. ಇದಕ್ಕ ಮೋಡೆಮ್ ಅಂತಾರ. ನಿಂದು ಏನದ? ಖಾಲಿ ಸಾಬೂನಿನ ಡಬ್ಬಿ.

ರುದ್ರಮುನಿ: ತೂಕಾ ನೋಡಿ ತಗೊಳ್ಳಾಕ ಇದೇನು ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಚೀಲ ಏನು?

ವಿರೂಪಾಕ್ಷ: ಇದರ ಮೈ ನೋಡು. ಪೂರಾ ಲೋಹ. ಬಡದ್ರ ಠಣ್ ಅಂತದ.

ರುದ್ರಮುನಿ: ಹೌದಪಾ, ಠಣ್ ಅಂತೈತಿ. ಒಂದು ತಾಸು ಚಾಲೂ ಇಟ್ರ ಅದರ ಮ್ಯಾಲೆ ರೊಟ್ಟಿ ಬೇಯತಿತ್ತು. ಗಿರಾಕಿ ಈಮೇಲ್ ನೋಡಾಕ ಬಂದು ಅಂಗೈ ಕಾಸಕೊಂಡು ಹೋಗತಿದ್ರು.

ವಿರೂಪಾಕ್ಷ: ಕೆಲಸ ಮಾಡಿದ್ರ ಬಿಸಿ ಆಗತದ. ನಿಂದು ಯಾವಾಗಲೂ ತಣ್ಣಗಽ ಇರತಿತ್ತು. ಯಾಕ ಅಂತ ಬಿಡಿಸಿ ಹೇಳಬೇಕೇನು?

ಹಾವೇರಿಯ ಒಂದು ಕಾಲೇಜು. ಕಂಪ್ಯೂಟರ್ ವಿಭಾಗದ ಮೇಜಿನ ಮೇಲೆ ಎರಡು ಡಬ್ಬಿಗಳು. ಒಂದು ಕರಿಯದು, ಲೋಹದ್ದು. ಇನ್ನೊಂದು ಬಿಳಿಯದು, ಪ್ಲಾಸ್ಟಿಕ್ಕಿನದು. ಬಿಳಿ ಎನ್ನುವುದು ಮಾಲೀಕನ ಮಾತು, ನೋಡುವವರಿಗೆ ಅದು ಹಳದಿ. ಈಗಿನ ಹುಡುಗರಿಗೆ ಹೇಳಬೇಕೆಂದರೆ, ಮೋಡೆಮ್ ಎಂಬುದು ಟೆಲಿಫೋನಿನ ತಂತಿಯನ್ನು ಕಂಪ್ಯೂಟರಿಗೆ ಗಂಟು ಹಾಕಿ ಇಂಟರ್ನೆಟ್ ತರುತ್ತಿದ್ದ ಯಂತ್ರ. ತರುವ ಮೊದಲು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಕಿರುಚಿಯೂ ಅನೇಕ ಸಲ ತರುತ್ತಿರಲಿಲ್ಲ.

ವಿರೂಪಾಕ್ಷನಿಗೆ ಬ್ಯಾಡಗಿಯಲ್ಲಿ ಝೆರಾಕ್ಸ್ ಅಂಗಡಿ, ರುದ್ರಮುನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಇಬ್ಬರ ತಲೆಯ ಮೇಲೂ ಕೂದಲು ಇದ್ದ ಕಾಲದಲ್ಲಿ, ಇಬ್ಬರ ಊರಿಗೂ ನಡುವೆ ಬೀಳುವ ಮೋಟೆಬೆನ್ನೂರಿನಲ್ಲಿ, ಹಾಲಸಿದ್ದಪ್ಪ ಎಂಬ ಹಿರಿಯರ ಮನೆಯ ಮುಂಗೋಣೆ ಹಿಡಿದು ಕೂಡಿಯೇ ಒಂದು ಇಂಟರ್ನೆಟ್ ಅಂಗಡಿ ಇಟ್ಟಿದ್ದರು. ಮೋಡೆಮ್ ಯಾವುದು ತರಬೇಕೆಂದು ಒಮ್ಮತವಾಗದೆ ಎರಡು ತಂದಿದ್ದರು. ಅಂಗಡಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಯಾವ ಮೋಡೆಮ್ ಚಲೋ ಎಂಬ ಜಗಳ ಮಾತ್ರ ಇನ್ನೂ ಮುಚ್ಚಿಲ್ಲ. ಯಾರ ಲಗ್ನದಲ್ಲಿ ಭೆಟ್ಟಿಯಾದರೂ ಊಟದ ಪಂಕ್ತಿಯಲ್ಲಿ ಅದೇ. ಎಲೆಯ ಮೇಲೆ ಹೋಳಿಗೆ ತಣ್ಣಗಾದರೂ ಇವರ ಮೋಡೆಮ್ ತಣ್ಣಗಾಗುತ್ತಿರಲಿಲ್ಲ.

ಹಾಲಸಿದ್ದಪ್ಪನ ಮೊಮ್ಮಗಳು ಭುವನಾ ಈಗ ಇದೇ ಕಾಲೇಜಿನಲ್ಲಿ ಉಪನ್ಯಾಸಕಿ. ಹಳೆಯ ಯಂತ್ರಗಳನ್ನು ಮಕ್ಕಳಿಗೆ ತೋರಿಸಲು ಒಂದು ಗಾಜಿನ ಕಪಾಟು ಮಾಡಿಸಿದ್ದಾಳೆ. ಟೈಪ್‌ರೈಟರ್ ಕುಳಿತಾಗಿದೆ, ಫ್ಲಾಪಿಗಳು ಕುಳಿತಾಗಿವೆ. ಮೂಲೆಯಲ್ಲಿ ಒಂದು ಮೋಡೆಮ್ ಇಡುವಷ್ಟು ಜಾಗ, ಅದರ ಕೆಳಗೆ ಕೊಟ್ಟವರ ಹೆಸರಿನ ಫಲಕ. ವಿರೂಪಾಕ್ಷನ ಹೆಸರು ಈವರೆಗೆ ಅಚ್ಚಾದದ್ದು ಲಗ್ನಪತ್ರಿಕೆಯಲ್ಲಿ ಒಮ್ಮೆ, ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೊಮ್ಮೆ. ರುದ್ರಮುನಿಗೆ ಬಿಲ್ಲಿನ ಭಾಗ್ಯವೂ ಇಲ್ಲ, ಅದು ಇನ್ನೂ ಅವನ ಅಪ್ಪನ ಹೆಸರಿನಲ್ಲಿಯೇ ಬರುತ್ತದೆ. ಆ ಫಲಕ ಇಬ್ಬರಿಗೂ ಬೇಕಾಗಿತ್ತು, ಜೀವ ಹೋಗುವಷ್ಟು ಬೇಕಾಗಿತ್ತು.

ಭುವನಾ: ಕಾಕಾ, ಚಹಾ ಆರಾಕತ್ತೇತಿ. ಕುಡಕೋತ ಜಗಳಾಡ್ರಿ.

ವಿರೂಪಾಕ್ಷ: ಜಗಳಲ್ಲ ಭುವನಾ, ತುಲನಾ. ನೀನಽ ನ್ಯಾಯಾ ಹೇಳು. ನಂದಕ್ಕ ಎಂಟು ದೀಪ. ಕೆಂಪು. ಸಾಲಾಗಿ. ಅವನದಕ್ಕ ಎಷ್ಟವ, ಕೇಳು.

ರುದ್ರಮುನಿ: ನಾಕು. ಹಸರು. ಎಂಟು ದೀಪಾ ಹಚ್ಚಾಕ ಅದೇನು ಮದುವಿ ಮಂಟಪಾನ? ಮೇಲ್ ಬಂತೋ ಇಲ್ಲೋ ತಿಳ್ಯಾಕ ಒಂದು ಸಾಕು. ನಾಕು ಇದ್ದದ್ದಽ ಮೂರು ಹೆಚ್ಚು.

ವಿರೂಪಾಕ್ಷ: ಒಂದೊಂದಕ್ಕೂ ಅರ್ಥ ಅದಲೇ. ಒಂದು ಹೇಳೋ ದೀಪ, ಒಂದು ಕೇಳೋ ದೀಪ...

ರುದ್ರಮುನಿ: ನಿಂದರಾಗ ಕೇಳೂ ದೀಪಾ ಹತ್ತಿದ್ದು ನಾ ಒಂದಿನಾನೂ ನೋಡಿಲ್ಲ. ಮಾಲಕನ ಗುಣ ಬಂದಿತ್ತು.

ವಿರೂಪಾಕ್ಷ: ನಿಂದು ದನೀನಽ ಇಲ್ಲದ ಮೂಕಬಸಪ್ಪ.

ರುದ್ರಮುನಿ: ದನಿ ಕಡಿಮಿ ಮಾಡಾಕ ಇದಕ್ಕ ತಿರುಗಣಿ ಐತ್ಯೋ! ನೋಡವ್ವಾ ಭುವನಾ, ಈ ಬಾಜೂಕ. ಅವನದಕ್ಕ ಅದಿಲ್ಲ. ಅಂವಾ ಲೈನು ಹಚ್ಚಿದ್ರ ಹೈವೇದಾಗ ಲಾರಿ ನಿಂದ್ರತಿದ್ದು. ಡ್ರೈವರ್ ಇಳಿದು ಬಂದು ತನ್ನ ಗಾಲಿ ಒದ್ದು ನೋಡತಿದ್ದ.

ವಿರೂಪಾಕ್ಷ: ಅದಕ್ಕ ಜಾಹೀರಾತು ಅಂತಾರ. ಆ ದನಿ ಕೇಳೇ ಗಿರಾಕಿ ಬರತಿದ್ರು.

ಭುವನಾ: ಆ ದನಿಗೆ ಎಮ್ಮಿ ಹಾಲು ಬಿಡವಲ್ದು ಅಂತ ನಮ್ಮ ಮುದುಕವ್ವಜ್ಜಿ ದಿನಾ ಬೈತಿದ್ಲು. ನನಗ ಅಷ್ಟು ನೆನಪೈತಿ.

ವಿರೂಪಾಕ್ಷ: ಎಮ್ಮಿಗೆ ಯಂತ್ರದ ತಿಳಿವಳಿಕಿ ಸ್ವಲ್ಪ ಕಡಿಮಿ.

ರುದ್ರಮುನಿ: ನಿನಗಿಂತ ಚೂರು ಹೆಚ್ಚು ಇತ್ತು.

ವಿರೂಪಾಕ್ಷ: ಆತು, ಧೂಳಿನ ಮಾತಿಗೆ ಬಾ! ಬ್ಯಾಡಗಿ ದಲಾಲರು ಮಾರ್ಕೆಟ್ಟಿನಿಂದ ಸೀದಾ ಬಂದು ಕೂಡತಿದ್ರು, ಮೈತುಂಬ ಮೆಣಸಿನಕಾಯಿ ಧೂಳು. ನಂದಕ್ಕ ಒಂದೂ ಸೀಳಿಲ್ಲ, ಧೂಳು ಹೊರಗಽ. ನಿಂದಕ್ಕ ಸುತ್ತೂಕಡೆ ಜಾಳಂದ್ರ. ಎಲ್ಲಾ ಒಳಗ. ಲೈನು ಹಚ್ಚಿದ್ರ ನಿಂದು ಕಿರಚತಿದ್ದಿಲ್ಲ, ಸೀನತಿತ್ತು.

ರುದ್ರಮುನಿ: ಸೀನಿದ್ರೂ ಹಿಡದ ಲೈನು ಬಿಡತಿದ್ದಿಲ್ಲ. ಚಾಂದಸಾಬರು ಮಗಳ ಲಗ್ನದ ಫೋಟೋ ದುಬೈಕ ಕಳಸಾಕ ನಿನ್ನ ಮೋಡೆಮಿಗೆ ಕುಂತ್ರು. ಫೋಟೋ ಹೋಗಿ ಮುಟ್ಟೂದ್ರಾಗ ಮಗಳಿಗೆ ಬಾಣಂತನಾ ಆತು.

ವಿರೂಪಾಕ್ಷ: ಅದು ಲೈನಿನ ದೋಷ! ಇದರ ಮ್ಯಾಲೆ ವೇಗ ಐವತ್ತಾರು ಅಂತ ಬರದದ, ಕಣ್ಣಿದ್ರ ಓದು.

ರುದ್ರಮುನಿ: ನಂದರ ಮ್ಯಾಲೂ ಐವತ್ತಾರಽ ಬರದೈತಿ. ಬರದದ್ದಕ್ಕ ಏನು? ಗುತ್ತಲ ಬಸ್ಸಿನ್ಯಾಗ ಇಷ್ಟಽ ಮಂದಿ ಕುಂದ್ರಬೇಕಂತ ಬರದಿರತಾರ. ಒಮ್ಮೆ ಹತ್ತಿ ಎಣಿಸಿ ನೋಡು.

ಭುವನಾಳಿಗೆ ನಗು ತಡೆಯಲಾಗಲಿಲ್ಲ. ನಗುವನ್ನು ಚಹಾದ ಕಪ್ಪಿನೊಳಗೆ ಮುಚ್ಚಿಕೊಂಡು, ಕೇಳಬಾರದ ಪ್ರಶ್ನೆಯನ್ನೇ ಕೇಳಿದಳು.

ಭುವನಾ: ಇಷ್ಟು ಚಲೋ ಮೋಡೆಮ್ ಎರಡೆರಡು ಇದ್ದು ಅಂಗಡಿ ಯಾಕ ಮುಚ್ಚಿದ್ರಿ ಕಾಕಾ?

ಇಬ್ಬರೂ ಒಮ್ಮೆ ಫ್ಯಾನ್ ನೋಡಿದರು.

ರುದ್ರಮುನಿ: ಮೋಡೆಮ್ ಎರಡು ಇದ್ದು. ಟೆಲಿಫೋನ್ ಲೈನು ಒಂದಽ ಇತ್ತಲ್ಲವ್ವಾ.

ವಿರೂಪಾಕ್ಷ: ಮುಂಜಾನೆ ನಂದು ಹಚ್ಚೋದು, ಮಧ್ಯಾಹ್ನ ಅವನದು, ಅಂತ ಮಾತಾಗಿತ್ತು.

ರುದ್ರಮುನಿ: ಇವನ ಮುಂಜಾನೆ ಊಟಾ ಆದ ಮ್ಯಾಲೂ ಮುಗೀತಿದ್ದಿಲ್ಲ.

ವಿರೂಪಾಕ್ಷ: ಇವನ ಮಧ್ಯಾಹ್ನ ನಾಷ್ಟಾ ಆಗೋದ್ರಾಗ ಶುರು ಆಗತಿತ್ತು. ಕಡೀಕ ನಿಮ್ಮಜ್ಜನಽ ನಮಗ ವಾಟ್ನಿ ಮಾಡಿಕೊಟ್ಟ.

ವಾಟ್ನಿ ಎಂದರೆ ಪಾಲು ಹಂಚುವುದು. ಆ ಕಡೆ ಯಾರ ಮನೆ ಒಡೆದರೂ ಹಾಲಸಿದ್ದಪ್ಪನೇ ಬಂದು ಪಾಲು ಮಾಡಬೇಕು. ಅವನು ಮಾಡಿದ ಪಾಲಿಗೆ ಎದುರು ಆಡುವವರಿರಲಿಲ್ಲ; ಹಿಂದೆ ನಗುವವರು ಬೇಕಾದಷ್ಟು ಇದ್ದರು.

ರುದ್ರಮುನಿ: ಸಿಟ್ಟಾಗಬ್ಯಾಡವ್ವಾ, ನಿಮ್ಮಜ್ಜನ ವಾಟ್ನಿ ಅಂದ್ರ ಒಂದು ನಮೂನಿ. ದೇವರಗುಡ್ಡದ ಅಣ್ಣತಮ್ಮರಿಗೆ ಬೀಸೂಕಲ್ಲು ಹಂಚಿದ. ಹೆಂಗ? ಮ್ಯಾಲಿನ ಕಲ್ಲು ಅಣ್ಣಗ, ಕೆಳಗಿನ ಕಲ್ಲು ತಮ್ಮಗ!

ವಿರೂಪಾಕ್ಷ: ಇನ್ನೊಂದು ಮನಿಯೊಳಗ ಬಾವಿ ಒಬ್ಬಗ, ಹಗ್ಗ ಇನ್ನೊಬ್ಬಗ. ಪಾಪ, ಹಿರಿಯಾ. ವಯಸ್ಸಾಗಿತ್ತು.

ಭುವನಾ: ಮತ್ತ ಆ ಬೀಸೂಕಲ್ಲಿನವರು ಏನು ಮಾಡಿದ್ರು?

ರುದ್ರಮುನಿ: ಏನು ಮಾಡ್ತಾರ? ರೊಟ್ಟಿಗೆ ಹಿಟ್ಟು ಬೇಕಲ್ಲ. ಎರಡೂ ಮನೀ ಹೆಣ್ಮಕ್ಕಳು ಒಂದಽ ಪಡಸಾಲ್ಯಾಗ ಕುಂತು ಬೀಸಿದ್ರು. ಕಡೀಕ ಮನೀನೂ ಒಂದಾತು ಅಂತಾರ.

ವಿರೂಪಾಕ್ಷ: ನಮ್ಮ ನಸೀಬು ಚಲೋ ಇತ್ತು, ನಮಗ ಸರೀ ಹಂಚಿದ. ಅವರವರ ಮೋಡೆಮ್, ಅದಕ್ಕ ಕರೆಂಟ್ ಕೊಡೋ ಅಡಾಪ್ಟರ್, ಒಂದೊಂದು ಧೋತರದ ತುಂಡಿನ್ಯಾಗ ಗಂಟು ಕಟ್ಟಿ ಕೈಯಾಗ ಇಟ್ಟ. ಲೈನು ಮಾತ್ರ ತಾನಽ ಇಟಗೊಂಡ.

ರುದ್ರಮುನಿ: ಅಂವಗ ಅದು ಏನು ಯಂತ್ರ ಅಂತ ಎಲ್ಲಿ ಗೊತ್ತಿತ್ತು! ಆಖರೀತನಕ 'ಫೋನಿನ ಮರಿ' ಅಂತಿದ್ದ.

ಅಜ್ಜನ ಮೇಲೆ ಇಬ್ಬರೂ ಕೂಡಿ ನಕ್ಕರು. ಆ ದಿನ ಅವರು ಕೂಡಿ ಮಾಡಿದ ಮೊದಲ ಕೆಲಸ ಅದು. ಭುವನಾ ಮಾತ್ರ ನಗಲಿಲ್ಲ, ಕಪ್ಪು ಕೆಳಗಿಟ್ಟಳು.

ಭುವನಾ: ಆತ್ರಿ ಕಾಕಾ. ತೂಕಾ ಕೇಳಿದೆ, ಧೂಳಾ ಕೇಳಿದೆ. ನಮ್ಮ ಪ್ರಿನ್ಸಿಪಾಲರು ಒಂದಽ ಮಾತು ಹೇಳ್ಯಾರ. ಕಪಾಟಿನ್ಯಾಗಿನ ಮೋಡೆಮಿನ ದೀಪಾ ಹತ್ತಬೇಕು, ಹುಡುಗರು ನೋಡಬೇಕು. ಯಾರದು ಹತ್ತತೈತೋ ಅವರ ಹೆಸರು ಫಲಕದ ಮ್ಯಾಲೆ. ಪ್ಲಗ್ಗು ಅಲ್ಲೈತಿ ನೋಡ್ರಿ. ಹಚ್ಚರಿ.

ಕೋಣೆಯಲ್ಲಿ ಎಲ್ಲಿಂದಲೋ ಭಾರೀ ಸೌಜನ್ಯ ಬಂದು ತುಂಬಿತು.

ವಿರೂಪಾಕ್ಷ: ರುದ್ರಮುನಿಯವರು ಮೊದಲು ಹಚ್ಚಲಿ. ವಯಸ್ಸಿನ್ಯಾಗ ಹಿರಿಯರು.

ರುದ್ರಮುನಿ: ಛೇ ಛೇ, ಎಲ್ಲೆರ ಉಂಟ? ವಿರೂಪಾಕ್ಷರಾಯರು ತಿಳದವರು. ಅವರದಽ ಮೊದಲು.

ವಿರೂಪಾಕ್ಷ: ನಂದು ಲೋಹದ್ದು ನೋಡು, ಥಂಡಿಗೆ ಸ್ವಲ್ಪ ತಡಾ ಮಾಡತದ.

ಭುವನಾ: ಮೇ ತಿಂಗಳದಾಗ ಎಲ್ಲಿ ಥಂಡಿರಿ ಕಾಕಾ?

ರುದ್ರಮುನಿ: ನಾ ಇವತ್ತು ಅಮಾಸಿ ಅಂತ...

ಭುವನಾ: ಅಮಾಸಿ ಹೋದ ವಾರ ಆತ್ರಿ.

ಇಲ್ಲಿ ಓದುಗರಿಗೆ ಗುಟ್ಟು ಹೇಳಿಬಿಡುತ್ತೇನೆ, ಅವರಂತೂ ಹೇಳುವವರಲ್ಲ. ವಾಟ್ನಿ ಆದ ದಿನ ವಿರೂಪಾಕ್ಷ ಮನೆಗೆ ಹೋಗಿ, ಗಂಟು ಬಿಚ್ಚಿ, ಅಡಾಪ್ಟರ್ ಹಚ್ಚಿದ. ಒಂದು ದೀಪವೂ ಹತ್ತಲಿಲ್ಲ. ಮೋಡೆಮ್ ಸತ್ತಿತು ಎಂದು ತಿಳಿದ. ರಿಪೇರಿಗೆ ಕೊಟ್ಟರೆ ಸುದ್ದಿ ರಾಣೆಬೆನ್ನೂರಿಗೆ ಮುಟ್ಟುತ್ತದೆ. ಮುಟ್ಟಿದರೆ ರುದ್ರಮುನಿ ಪೇಡೆ ಹಂಚುತ್ತಾನೆ. ಹೆಂಡತಿ ಗೋದೂಬಾಯಿಗೂ ಹೇಳದೆ ಅದನ್ನು ಟ್ರಂಕಿನಲ್ಲಿಟ್ಟು, ಸಿಕ್ಕಲ್ಲೆಲ್ಲ ಹೊಗಳಿಕೊಂಡು ಬಂದ. ಅದೇ ಸಂಜೆ ರಾಣೆಬೆನ್ನೂರಿನಲ್ಲಿ ರುದ್ರಮುನಿ ಮಾಡಿದ್ದೂ ಇದನ್ನೇ. ಅವನದು ಕಪಾಟು, ಅಷ್ಟೇ ಫರಕು.

ಹೊಗಳಿಕೊಂಡ ಮೇಲೆ ಹಚ್ಚದೆ ಗತಿಯಿಲ್ಲ. ವಿರೂಪಾಕ್ಷ ಅಡಾಪ್ಟರ್ ಚುಚ್ಚಿದ. ಅದರ ತುದಿ ಮೋಡೆಮಿನ ತೂತಿನಲ್ಲಿ ನಿಲ್ಲದೆ ಜೋಲಾಡಿತು. ಬೆರಳಿನಿಂದ ಒತ್ತಿ ಹಿಡಿದ. ಎಂಟು ದೀಪಗಳಲ್ಲಿ ಎಂಟೂ ಸುಮ್ಮನಿದ್ದವು.

ವಿರೂಪಾಕ್ಷ: ಹಾವೇರಿ ಕರೆಂಟ್ ಚಲೋ ಇಲ್ಲ.

ರುದ್ರಮುನಿ: ಫ್ಯಾನ್ ತಿರಗಾಕತ್ತೇತಿ. ಗಾಳಿ ಬರಾಕತ್ತೇತಿ. ನಿನ್ನ ಟೊಪಗಿ ಹಾರಾಕತ್ತೇತಿ. ಹಾಹಾ! ಎಂಟು ದೀಪ! ಮದುವಿ ಮಂಟಪ!

ಭುವನಾ: ನೀವು ಹಚ್ಚರಿ ಕಾಕಾ.

ನಗು ಅಲ್ಲೇ ನಿಂತಿತು. ರುದ್ರಮುನಿಯ ಅಡಾಪ್ಟರಿನ ತುದಿ ತೂತಿನೊಳಗೆ ಹೋಗಲೇ ಇಲ್ಲ. ಕಿಸೆಯಿಂದ ರಬ್ಬರ್ ಬ್ಯಾಂಡ್ ತೆಗೆದ. ರೂಢಿ ಇದ್ದಂತೆ ಕಂಡಿತು. ತುದಿಯನ್ನು ಒತ್ತಿ, ರಬ್ಬರ್ ಸುತ್ತಿ, ಹಲ್ಲು ಕಚ್ಚಿ ಹಿಡಿದ. ನಾಲ್ಕು ದೀಪಗಳೂ ಎಂಟರ ಹಾದಿಯನ್ನೇ ಹಿಡಿದವು.

ವಿರೂಪಾಕ್ಷ: ಮೂರು ಹೆಚ್ಚು ಅಂದಿ. ಒಂದರೆ ಹಚ್ಚಪಾ.

ರುದ್ರಮುನಿ ರಬ್ಬರ್ ಬ್ಯಾಂಡ್ ಕಳಚಿ ಕಿಸೆಗೆ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತ. ಅವನ ಮುಖ ನೋಡಿ ವಿರೂಪಾಕ್ಷನಿಗೆ ಗೆದ್ದ ಸುಖ ಸಿಗಲಿಲ್ಲ. ಕೆಟ್ಟೆನಿಸಿತು, ತನ್ನ ಬಗ್ಗೆಯೂ.

ವಿರೂಪಾಕ್ಷ: ಖರೇ ಹೇಳಲೇನು? ಗಂಟು ಬಿಚ್ಚಿದ ದಿನಾನಽ ನಂದು ಹೋಗಿತ್ತು.

ರುದ್ರಮುನಿ: ನಿಂದೂ?

ವಿರೂಪಾಕ್ಷ: ಅಂದ್ರ ನಿಂದೂ?

ರುದ್ರಮುನಿ: ಮತ್ತ ಮೊನ್ನೆ ಗುತ್ತಲದ ಲಗ್ನದಾಗ 'ನಿನ್ನೇನೂ ಹಚ್ಚಿದ್ದೆ, ಎಂಟೂ ಝಗಝಗ' ಅಂದ್ಯಲ್ಲಲೇ!

ವಿರೂಪಾಕ್ಷ: ನೀ 'ನಂದು ಈಗ ಸೀನೂದೂ ಬಿಟ್ಟೈತಿ' ಅಂದಿ.

ರುದ್ರಮುನಿ: ಅದು ಸುಳ್ಳಲ್ಲ. ಸೀನೂದು ಬಿಟ್ಟಿದ್ದು ಖರೇನಽ.

ಭುವನಾ ಎರಡೂ ಅಡಾಪ್ಟರುಗಳನ್ನು ಎತ್ತಿ ನೋಡಿದಳು. ಎರಡೂ ಕರಿ, ಎರಡೂ ಸೋಪಿನ ಗಾತ್ರ, ಎರಡರ ಮೇಲಿನ ಅಕ್ಷರಗಳೂ ಸವೆದು ಹೋಗಿವೆ.

ಭುವನಾ: ಒಂದು ತುದಿ ಸಡ್ಲ, ಒಂದು ಬಿಗಿ. ನಿಮಗ ಒಂದಿನಾನೂ ಅನುಮಾನ ಬರಲಿಲ್ಲೇನ್ರಿ?

ವಿರೂಪಾಕ್ಷ: ಹಳೇದಾಗಿ ಸಡ್ಲ ಆಗ್ಯದ ಅಂದ್ಕೊಂಡೆ.

ರುದ್ರಮುನಿ: ಮೆಣಸಿನಕಾಯಿ ಧೂಳು ಕುಂತು ಬಿಗಿ ಆಗೇತಿ ಅಂದ್ಕೊಂಡೆ.

ಅವಳು ರುದ್ರಮುನಿಯ ಅಡಾಪ್ಟರನ್ನು ಕರಿ ಮೋಡೆಮಿಗೆ ಚುಚ್ಚಿದಳು. ಗಟ್ಟಿಯಾಗಿ ಕುಳಿತಿತು. ವಿರೂಪಾಕ್ಷನದನ್ನು ಬಿಳಿಯದಕ್ಕೆ ಚುಚ್ಚಿದಳು. ಅದೂ ಕುಳಿತಿತು. ಸ್ವಿಚ್ ಒತ್ತಿದಳು.

ಎಂಟು ಕೆಂಪು ದೀಪಗಳು ಸಾಲಾಗಿ ಒಮ್ಮೆ ಮಿಂಚಿದವು. ನಾಲ್ಕು ಹಸಿರು ದೀಪಗಳೂ ಮಿಂಚಿದವು. ಬಿಳಿಯ ಡಬ್ಬಿಯೊಳಗಿಂದ ಟಕ್ ಎಂದು ಒಂದು ಸಣ್ಣ ಸದ್ದು ಬಂತು. ವಿರೂಪಾಕ್ಷನ ಕಣ್ಣುಗಳು ತುಂಬಿ ಬಂದವು, ಅವನು ಒರೆಸಿಕೊಳ್ಳಲಿಲ್ಲ. ರುದ್ರಮುನಿ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಇಷ್ಟು ವರ್ಷ ಸುಳ್ಳು ಹೇಳಿ ಹೊಗಳಿದ್ದು ಕಣ್ಣೆದುರು ನಿಜವಾದರೆ ಮನುಷ್ಯ ಏನು ಮಾಡಬೇಕು ಪಾಪ.

ಇಂಥ ಶಾಂತಿ ಆ ಇಬ್ಬರ ನಡುವೆ ಎಷ್ಟು ಹೊತ್ತು ಬಾಳೀತು? ಚಹಾ ಆರುವಷ್ಟು ಹೊತ್ತೂ ಬಾಳಲಿಲ್ಲ.

ವಿರೂಪಾಕ್ಷ: ನೋಡಿದೇನಲೇ! ಎಂಟೂ! ಸತ್ತಿದ್ದಿಲ್ಲ ಅದು. ಲೋಹ ಅಂದ್ರ ಲೋಹ.

ರುದ್ರಮುನಿ: ನೋಡಿದೆ. ಯಾರ ಅಡಾಪ್ಟರಿನಿಂದ ಹತ್ತೇತಿ?

ವಿರೂಪಾಕ್ಷ: ನಂದಽ ಅದು! ಅಂಗಡ್ಯಾಗ ನಂದರ ಜೋಡಿ ಬಂದದ್ದು. ಇಷ್ಟು ವರ್ಷ ನೀ ಇಟಗೊಂಡು ಕೂತಿದ್ದಿ.

ರುದ್ರಮುನಿ: ವಾಟ್ನ್ಯಾಗ ನನಗ ಬಂದೇತಿ. ಬಂದ ಮ್ಯಾಲೆ ನಂದು. ನಾ ಅರಿವ್ಯಾಗ ಸುತ್ತಿ ಜ್ವಾಕಿ ಮಾಡೇನಿ ಅಂತ ನಿನ್ನ ತಗಡಿನ ಡಬ್ಬಿ ಇವತ್ತು ಉಸರಾಡಾಕತ್ತೇತಿ.

ವಿರೂಪಾಕ್ಷ: ಹಂಗೇನು? ನಿನ್ನ ಸಾಬೂನಿನ ಡಬ್ಬಿ ಉಸರಾಡ್ಲಿಕತ್ತದ್ದು ನನ್ನ ಅಡಾಪ್ಟರಿನ ಪುಣ್ಯದಿಂದ. ತಗೀತೇನಿ ನೋಡು.

ರುದ್ರಮುನಿ: ತಗಿ. ನಾನೂ ತಗೀತೇನಿ.

ಇಬ್ಬರೂ ಒಂದೇ ಸಲ ಎಳೆದರು. ಹನ್ನೆರಡು ದೀಪಗಳೂ ಆರಿದವು. ಆ ಕತ್ತಲೆ ಇಬ್ಬರಿಗೂ ಸಹಿಸಲಾಗಲಿಲ್ಲ. ಇಬ್ಬರೂ ಒಂದೇ ಸಲ ತಿರುಗಿ ಚುಚ್ಚಿದರು. ಅವಸರದಲ್ಲಿ ವಿರೂಪಾಕ್ಷ ರುದ್ರಮುನಿಯ ಬೆರಳಿಗೂ ಚುಚ್ಚಿದ.

ವಿರೂಪಾಕ್ಷ: ಎಲ್ಲಾ ಆ ಮುದುಕನಿಂದ ಆದದ್ದು. ಕಣ್ಣು ಕಾಣದ ಅದಲು ಬದಲು ಕಟ್ಟಿಕೊಟ್ಟ.

ರುದ್ರಮುನಿ: ಒಂದಽ ಒಂದು ಸಲ ನೀ ನಮ್ಮನಿಗೆ ಬಂದು ಅಡಾಪ್ಟರ್ ಕೇಳಿದ್ರ ಅವತ್ತಽ ಗೊತ್ತಾಗತಿತ್ತು.

ವಿರೂಪಾಕ್ಷ: ನೀ ನಮ್ಮನಿಗೆ ಬಂದು ಕೇಳಬೇಕಿತ್ತು. ಬ್ಯಾಡಗಿಗೆ ಬಸ್ಸಿದ್ದಿಲ್ಲೇನು?

ಈ ವೇಳೆಗೆ ಭುವನಾ ಕಪಾಟಿನ ಗಾಜು ಸರಿಸಿದ್ದಳು. ಕರಿ ಮೋಡೆಮನ್ನು ಮೂಲೆಯಲ್ಲಿಟ್ಟಳು. ಅದರ ಮೇಲೆ ಬಿಳಿಯದನ್ನು ಇಟ್ಟಳು, ಬೀಸುಕಲ್ಲಿನ ಕೆಳಗಿನ ಕಲ್ಲಿನ ಮೇಲೆ ಮೇಲಿನ ಕಲ್ಲು ಇಟ್ಟಂತೆ. ಒಂದರ ಜಾಗದಲ್ಲಿ ಎರಡೂ ಕುಳಿತವು, ದೀಪಗಳೂ ಹತ್ತಿದವು.

ರುದ್ರಮುನಿ: ಏ ತಂಗಿ, ಅವನದರ ಬಿಸಿಗೆ ನಂದು ಕರಗತೈತಿ!

ವಿರೂಪಾಕ್ಷ: ನನ್ನ ತಲಿ ಮ್ಯಾಲೆ ಕುಂದ್ರಿಸಿದೇನು ಇವನ್ನ? ಆತು ಬಿಡು, ಕೆಳಗಿದ್ದದ್ದಕ್ಕಽ ಬುನಾದಿ ಅಂತಾರ. ಫಲಕದಾಗ ನನ್ನ ಹೆಸರು ಮೊದಲು ಬರಲಿ.

ರುದ್ರಮುನಿ: ಮ್ಯಾಲಿದ್ದವರ ಹೆಸರು ಮೊದಲು ಬರತೈತಿ. ಇದು ಲೋಕರೂಢಿ.

ಭುವನಾ ಕಂಪ್ಯೂಟರಿಗೆ ಕುಳಿತು ಟಕಟಕ ಬಡಿದಳು. ಪ್ರಿಂಟರ್ ಒಂದು ಚೀಟಿ ಹೊರಹಾಕಿತು. ಅಂಟು ಹಚ್ಚಿ ಫಲಕದ ಮೇಲೆ ಅಂಟಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಗಾಜಿಗೆ ಮೂಗು ಹಚ್ಚಿ ಓದಿದರು.

'ಎರಡು ಮೋಡೆಮ್. ಕೊಡುಗೆ: ಮೋಟೆಬೆನ್ನೂರಿನ ಹಾಲಸಿದ್ದಪ್ಪ.'

ಇಬ್ಬರೂ: ಏನು? ಅಂವಗ ಮೋಡೆಮ್ ಅಂದ್ರ ಏನಂತಽ ಗೊತ್ತಿದ್ದಿಲ್ಲ!

ಭುವನಾ: ಖರೇರಿ ಕಾಕಾ, ಮೋಡೆಮ್ ಗೊತ್ತಿದ್ದಿಲ್ಲ. ಬೀಸೂಕಲ್ಲು ಹಂಚೂದು ಗೊತ್ತಿತ್ತು. ನೀವಿಬ್ರೂ ಗೊತ್ತಿದ್ರಿ.